ನೆರೆಯವರ ಪೈಪು ನಮ್ಮ ತೋಟದಲ್ಲಿ: ಬಿಡಬೇಕೋ ಬೇಡವೋ?

ಮಳೆ ನಿಂತು ಎರಡು ತಿಂಗಳಾದರೆ ಸಾಕು, ನಮ್ಮ ಕಡೆ ಗುಡ್ಡದ ಮೇಲಿನ ತೋಟಗಳಿಗೆ ನೀರಿನ ಕಷ್ಟ ಶುರು. ಕೊಳವೆಬಾವಿ ಕೊರೆದು ಕೊರೆದು ಸಾಕಾದವರು ಈಗ ಕೆಳಗಿನ ಗದ್ದೆಗಳತ್ತ ನೋಡುತ್ತಿದ್ದಾರೆ. ಗದ್ದೆಯ ಮೂಲೆಯಲ್ಲಿ ಹಳೇ ಬಾವಿ ಇರುತ್ತದೆ, ಮನೆ ತೋಟ ಮೇಲಿರುತ್ತದೆ, ನಡುವೆ ಇನ್ನೊಬ್ಬರ ವರ್ಗ ಜಾಗ. ಆಗ ಬರುವ ಮಾತು ಒಂದೇ: "ನಿಮ್ಮ ತೋಟದಲ್ಲಿ ಒಂದು ಪೈಪು ದಾಟಿಸ್ಲಿಕ್ಕೆ ಬಿಡ್ತೀರಾ?"

ನಮ್ಮಲ್ಲಿ ಇದಕ್ಕೆ ಎರಡೇ ಉತ್ತರ. "ಅದಕ್ಕೇನುಂಟು, ಹಾಕಿ ಮಾರಾಯ್ರೆ" ಅಂತ ಒಂದು. "ಬೇಡಪ್ಪ, ನಾಳೆ ಅದೇ ಹಕ್ಕು ಆಗ್ತದೆ" ಅಂತ ಇನ್ನೊಂದು. ಎರಡೂ ಅವಸರದ ಉತ್ತರಗಳು ಎಂದೇ ನನ್ನ ಅಭಿಪ್ರಾಯ.

ಕಳೆದ ವರ್ಷ ಈ ಪ್ರಶ್ನೆ ನನ್ನ ಅಂಗಳಕ್ಕೂ ಬಂತು. ಕೇಳಿದವರು ಮೇಲಿನ ಮನೆಯ ಅಣ್ಣ. ಸಂಬಂಧವಲ್ಲ, ಆದರೆ ನಾನು ಚಿಕ್ಕಂದಿನಿಂದ ಹಾಗೆಯೇ ಕರೆಯುವುದು. ಅವರ ಎರಡು ಕೊಳವೆಬಾವಿಗಳೂ ಏಪ್ರಿಲಿನಲ್ಲಿ ಗಾಳಿ ಉಗುಳುತ್ತವೆ. ಕೆಳಗೆ ಅವರ ಪಾಲಿಗೆ ಬಂದ ಅರ್ಧ ಎಕ್ರೆ ಗದ್ದೆಯಲ್ಲಿ ಒಳ್ಳೆಯ ಬಾವಿ ಉಂಟು. ಅವರು ಕೇಳಿದ್ದು ಎರಡು: ಎರಡೂವರೆ ಇಂಚಿನ ಒಂದು ಪೈಪು, ಮತ್ತು ಬಾವಿಯ ಪಂಪಿಗೆ ಕರೆಂಟು ತರಲು ನನ್ನ ಅಡಿಕೆ ತೋಟದೊಳಗೆ ಐದು ಕಂಬ. ಒಂದು ತಿಂಗಳು ಸಮಯ ಕೊಡಿ ಅಣ್ಣ ಎಂದೆ. ಆ ತಿಂಗಳಲ್ಲಿ ಪೇಟೆಯ ವಕೀಲರೊಬ್ಬರಲ್ಲಿ ನಾಲ್ಕು ಸಲ ಕೂತು ಕೇಳಿ, ಕಾನೂನಿನ ಪುಸ್ತಕವನ್ನೂ ತಿರುವಿ ತಿಳಿದುಕೊಂಡದ್ದನ್ನು, ಕೊನೆಗೆ ನಾವು ಮಾಡಿಕೊಂಡದ್ದನ್ನು ಬರೆಯುತ್ತಿದ್ದೇನೆ. ನೀರಿಲ್ಲದ ತೋಟ ಎರಡು ಬೇಸಗೆಯಲ್ಲಿ ಹೋಗುತ್ತದೆ. ನೆರೆಕರೆ ಕೆಟ್ಟರೆ ಎರಡು ತಲೆಮಾರು ಹೋಗುತ್ತದೆ. ಹಾಗಾಗಿ ತಿಂಗಳು ಯೋಚಿಸಿದ್ದು ಹೆಚ್ಚಲ್ಲ.

ಕೊಡುವುದು ಹಕ್ಕೋ, ಅನುಮತಿಯೋ?

ಇನ್ನೊಬ್ಬರ ಜಾಗದ ಮೇಲೆ ದಾರಿ, ನೀರು, ಪೈಪು ಇತ್ಯಾದಿ ಅನುಭವಿಸುವ ವಿಷಯಕ್ಕೆ ಒಂದು ಹಳೇ ಕಾಯಿದೆ ಉಂಟು, 1882ರದ್ದು. ಈಸ್‌ಮೆಂಟ್ಸ್ ಆ್ಯಕ್ಟ್. ಆಗ ನಮ್ಮ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿದ್ದ ಕಾರಣ ಮೊದಲ ದಿನದಿಂದಲೇ ಇಲ್ಲಿ ಅದು ಜಾರಿಯಲ್ಲಿದೆ. ಈಗಲೂ ಅದೇ. ಹಳೇ ಪಾಲುಪಟ್ಟಿಗಳಲ್ಲಿ "ಮಾಮೂಲು ನೀರು, ದಾರಿ ಹಕ್ಕು" ಎಂದು ಬರೆದಿರುತ್ತದಲ್ಲ, ಅದು ಈ ಜಾತಿಯದ್ದು.

ಈ ಕಾಯಿದೆಯಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ನಾವು ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಜಗಳ.

ಒಂದು ಈಸ್‌ಮೆಂಟ್, ಅಂದರೆ ಹಕ್ಕು. ಇದು ಮನುಷ್ಯನಿಗಲ್ಲ, ಜಾಗಕ್ಕೆ ಅಂಟಿಕೊಳ್ಳುತ್ತದೆ. ಮೇಲಿನ ಮನೆಯವರು ಜಾಗ ಮಾರಿದರೆ ಕೊಂಡವರಿಗೂ ಪೈಪಿನ ಹಕ್ಕು ಹೋಗುತ್ತದೆ. ನಾನು ಮಾರಿದರೆ ನನ್ನ ಜಾಗ ಕೊಂಡವನೂ ಅದನ್ನು ಹೊತ್ತುಕೊಳ್ಳಬೇಕು. ಮೇಲಿನ ಜಾಗ ನಾಲ್ಕು ಮಕ್ಕಳಿಗೆ ಪಾಲಾದರೆ ನಾಲ್ಕು ಪಾಲಿಗೂ ಹಕ್ಕು ಬರುತ್ತದೆ. ನನ್ನ ಜಾಗದ ಮೇಲಿನ ಹೊರೆ ಗಣನೀಯವಾಗಿ ಹೆಚ್ಚಬಾರದು ಎಂಬ ಮಿತಿಯನ್ನು ಕಾಯಿದೆಯೇ ಹಾಕಿದೆ ಅನ್ನುವುದು ಒಂದು ಸಮಾಧಾನ. ಇಂಥ ಹಕ್ಕನ್ನು ಬರೆದು ಕೊಡುವುದಾದರೆ, ಅದರ ಬೆಲೆ ನೂರು ರೂಪಾಯಿ ಅಥವಾ ಹೆಚ್ಚಾದರೆ, ಪತ್ರ ನೋಂದಣಿ ಆಗಬೇಕು. ನೂರು ರೂಪಾಯಿ ಈಗ ಯಾವ ಲೆಕ್ಕ? ಅಂದರೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಲೇಬೇಕು ಎಂದರ್ಥ.

ಇನ್ನೊಂದು ಲೈಸೆನ್ಸ್, ಅಂದರೆ ಅನುಮತಿ. ಇದು ನಾನು ಅಣ್ಣನಿಗೆ ಕೊಟ್ಟದ್ದು. ಅವರು ಇದನ್ನು ಬೇರೆಯವರಿಗೆ ದಾಟಿಸುವಂತಿಲ್ಲ. ನಾನು ಜಾಗ ಮಾರಿದರೆ ಕೊಂಡವನು ಅದಕ್ಕೆ ಬದ್ಧನಲ್ಲ. ಇದಕ್ಕೆ ನೋಂದಣಿ ಬೇಡ. ಸಾಮಾನ್ಯವಾಗಿ ಹಿಂತೆಗೆದುಕೊಳ್ಳಬಹುದು.

ಸಾಮಾನ್ಯವಾಗಿ ಎಂದೆ. ಇಲ್ಲೇ ಎಡವುವುದು ನೋಡಿ. ಅನುಮತಿ ನಂಬಿ ಆತ ಖರ್ಚು ಮಾಡಿ ಕಾಯಂ ಕೆಲಸ ಮಾಡಿಕೊಂಡಿದ್ದರೆ ಆ ಅನುಮತಿಯನ್ನು ಹಿಂತೆಗೆಯಲು ಬರುವುದಿಲ್ಲ ಎಂದು ಕಾಯಿದೆಯ 60ನೇ ಕಲಂ ಹೇಳುತ್ತದೆ. ಲಕ್ಷ ರೂಪಾಯಿ ಖರ್ಚು ಮಾಡಿ ನೆಲದೊಳಗೆ ಹೂತ ಪೈಪು ಕಾಯಂ ಕೆಲಸವಲ್ಲ ಎಂದು ವಾದಿಸುವುದು ಕಷ್ಟ. "ಬಾಯಿಮಾತಿನಲ್ಲಿ ಬಿಟ್ಟದ್ದು, ಬೇಡ ಅನ್ನಿಸಿದ ದಿನ ತೆಗೆಸಿದರಾಯ್ತು" ಎಂದು ಧೈರ್ಯದಲ್ಲಿರುವವರು ಇದನ್ನು ಗಮನಿಸಬೇಕು.

ಅದಕ್ಕೆ ದಾರಿಯೂ ಕಾಯಿದೆಯಲ್ಲೇ ಉಂಟು. ಅನುಮತಿಯನ್ನು ಇಂತಿಷ್ಟು ವರ್ಷಕ್ಕೆ ಎಂದು ಕೊಟ್ಟರೆ, ಆ ಅವಧಿ ಮುಗಿದಾಗ ಅದು ತಾನಾಗಿ ಮುಗಿಯುತ್ತದೆ. ಇಂಥ ಶರ್ತ ಮುರಿದರೆ ರದ್ದು ಎಂದು ಬರೆದರೂ ಹಾಗೆಯೇ. ಬಾಯಿಮಾತಿನಲ್ಲಿ ಅವಧಿಯೂ ಇಲ್ಲ, ಶರ್ತವೂ ಇಲ್ಲ.

ಇಪ್ಪತ್ತು ವರ್ಷದ ಹೆದರಿಕೆ

"ಬರೆದುಕೊಟ್ಟರೆ ಹಕ್ಕಾಗುತ್ತದೆ, ಅದಕ್ಕೇ ಬರೆಯುವುದಿಲ್ಲ" ಎನ್ನುವವರು ನಮ್ಮಲ್ಲಿ ತುಂಬ. ವಿಷಯ ಇದಕ್ಕೆ ಪೂರಾ ತಿರುಗು.

20 ವರ್ಷದ ಅನುಭವದಿಂದ ಹಕ್ಕು ಬರುತ್ತದೆ ಎಂಬುದು ನಿಜ. ಆದರೆ ಆ ಅನುಭವ ಯಾವ ರೀತಿಯದ್ದು? ಬಹಿರಂಗವಾಗಿ, ಶಾಂತಿಯಿಂದ, ತಡೆಯಿಲ್ಲದೆ, ಮತ್ತು "ಇದು ನನ್ನ ಹಕ್ಕು" ಎಂಬ ನೆಲೆಯಲ್ಲಿ 20 ವರ್ಷ ನಡೆದಿರಬೇಕು. ಸರಕಾರಿ ಜಾಗವಾದರೆ 30 ವರ್ಷ. ಅನುಮತಿ ಪಡೆದು ಹಾಕಿದ ಪೈಪು ಹಕ್ಕಿನಿಂದ ಹಾಕಿದ್ದಲ್ಲವಲ್ಲ. ಅದು ನಲ್ವತ್ತು ವರ್ಷ ಇದ್ದರೂ ಬರೇ ಇದ್ದ ಕಾರಣಕ್ಕೆ ಹಕ್ಕಾಗುವುದಿಲ್ಲ. ಹಾಗಾದರೆ ಅನುಮತಿ ಕೊಟ್ಟಿದ್ದೆವು ಎಂದು ತೋರಿಸುವುದು ಯಾವುದು? ಕಾಗದ! ಬರೆಯದೆ ಬಿಟ್ಟವನ ಕೈಯಲ್ಲೇ ಪುರಾವೆ ಇಲ್ಲದಿರುವುದು.

ನಮ್ಮ ಪಕ್ಕದ ಗ್ರಾಮದ ಎರಡು ಮನೆಗಳ ಕಥೆ ಹೀಗೆಯೇ ಆಗಿದೆ. ಅಜ್ಜಂದಿರ ಕಾಲದಲ್ಲಿ ಬಾಯಿಮಾತಿನಲ್ಲಿ ಹಾಕಿದ ಪೈಪು. ಅಜ್ಜಂದಿರು ಇಬ್ಬರೂ ಹೋದರು. ಒಂದು ಕಡೆ ಪಾಲಾಯಿತು, ಕಿರಿಯ ಮಗ ಮನೆ ಕಟ್ಟಲು ಜೇಸಿಬಿ ತಂದ. ಪೈಪು ತುಂಡಾಯಿತು. ಅದೂ ಮಾರ್ಚಿ ತಿಂಗಳಲ್ಲಿ! "ಮೂವತ್ತು ವರ್ಷದ ಹಕ್ಕು" ಎಂದು ಇವರು, "ನಮ್ಮ ಅಜ್ಜ ದಾಕ್ಷಿಣ್ಯಕ್ಕೆ ಬಿಟ್ಟದ್ದು" ಎಂದು ಅವರು. ಎರಡೂ ಇರಬಹುದು, ಹೇಳಬಲ್ಲ ಯಾರೂ ಈಗ ಬದುಕಿಲ್ಲ. ಕೋರ್ಟಿನಲ್ಲಿ ಹನ್ನೊಂದನೇ ವರ್ಷ ನಡೆಯುತ್ತಿದೆ. ನೀರಿಗೆ ಕಾಯದ ತೋಟ ಒಣಗಿ ಈಗ ರಬ್ಬರ್ ಹಾಕಿದ್ದಾರೆ. ಗೆದ್ದರೂ ಆ ಪೈಪಿನಲ್ಲಿ ಹರಿಸಲು ಏನಿದೆ ಎಂದು ನನಗೆ ಗೊತ್ತಿಲ್ಲ.

ಉತ್ತರ ಕೊಡುವ ಮೊದಲು ನಿಮ್ಮ ಕಾಗದ ನೋಡಿ

"ಬೇಡ" ಎನ್ನುವ ಸ್ವಾತಂತ್ರ್ಯ ನಿಮಗೆ ಇದೆಯೇ ಎಂಬುದನ್ನೇ ಮೊದಲು ನೋಡಬೇಕು. ಇಬ್ಬರ ಜಾಗವೂ ಒಂದು ಕಾಲದಲ್ಲಿ ಒಂದೇ ಮನೆಯದ್ದಾಗಿದ್ದು, ಪಾಲಾಗಿಯೋ ಮಾರಾಟವಾಗಿಯೋ ಬೇರೆಯಾದದ್ದಾದರೆ, ಆ ಜಾಗವನ್ನು ಅನುಭವಿಸಲು ಅಗತ್ಯವಾದ ಹಕ್ಕು ಪತ್ರದಲ್ಲಿ ಬರೆಯದಿದ್ದರೂ ಬರುತ್ತದೆ. ಆದರೆ ಅಗತ್ಯ ಎಂದರೆ ಬೇರೆ ದಾರಿಯೇ ಇಲ್ಲ ಎನ್ನುವಂಥದ್ದು. "ಆಚೆಯಿಂದ ತಂದರೆ ಖರ್ಚು ಜಾಸ್ತಿ" ಎನ್ನುವುದು ಅಗತ್ಯವಲ್ಲ, ಅನುಕೂಲ. ನಮ್ಮದು ಬೇರೆ ಬೇರೆ ಮೂಲದ ಜಾಗ, ಹಳೇ ಪತ್ರಗಳಲ್ಲಿ ಏನೂ ಇರಲಿಲ್ಲ. ಕೆಲವರ ಪಾಲುಪಟ್ಟಿಯ ಕೊನೆಯ ಪುಟದಲ್ಲಿ ಒಂದು ಸಾಲು ಇರುತ್ತದೆ, ಓದದೆ ವರ್ಷಗಟ್ಟಲೆ ಜಗಳವಾಡುತ್ತಾರೆ.

ಆಮೇಲೆ ಆರ್‌ಟಿಸಿ. ಅದರಲ್ಲಿ ನಿಮ್ಮ ಜೊತೆ ತಮ್ಮನ, ಅಕ್ಕನ ಹೆಸರಿದ್ದರೆ ನೀವೊಬ್ಬರೇ ಹಕ್ಕು ಬರೆದುಕೊಡಲು ಬರುವುದಿಲ್ಲ. ಎಲ್ಲರ ಸಹಿ ಬೇಕು. ಬರೇ ಅನುಮತಿಯಾದರೂ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು, ಬೆಂಗಳೂರಿನಲ್ಲಿರುವ ತಮ್ಮ ಹಬ್ಬಕ್ಕೆ ಬಂದಾಗ "ಇದು ಯಾರ ಪೈಪು?" ಎಂದು ಕೇಳುವ ಹಾಗಾಗಬಾರದು. ಜಾಗ ಸೊಸೈಟಿಗೋ ಬ್ಯಾಂಕಿಗೋ ಅಡವು ಇದ್ದರೆ ಹಕ್ಕು ಕೊಡುವ ಮೊದಲು ಅವರಿಗೂ ತಿಳಿಸಿ ಒಪ್ಪಿಗೆ ಪಡೆಯಿರಿ. ಪೈಪು ಹೋಗುವ ದಾರಿಯಲ್ಲಿ ಕುಮ್ಕಿ ಇದ್ದರೆ, ಅದು ನಾವು ಅನುಭವಿಸುವುದೇ ಹೊರತು ಜಾಗ ಸರಕಾರದ್ದು. ಅಲ್ಲಿ ಹಕ್ಕು ಕೊಡಲು ನಾವು ಯಜಮಾನರಲ್ಲ.

ಕರೆಂಟಿನ ತಂತಿ ಬೇರೆ ಲೆಕ್ಕ

ಪೈಪಿಗೂ ತಂತಿಗೂ ಒಂದೇ ಉಸಿರಿನಲ್ಲಿ ಹೂಂ ಅನ್ನಬಾರದು. ಪೈಪು ಅಣ್ಣನದ್ದು. ಜಗಳವಾದರೂ ರಾಜಿಯಾದರೂ ನಮ್ಮಿಬ್ಬರೊಳಗೆ. ಕಂಬ ನೆಟ್ಟು ತಂತಿ ಎಳೆದರೆ ಅದು ಅಣ್ಣನದ್ದಲ್ಲ, ವಿದ್ಯುತ್ ಕಂಪೆನಿಯದ್ದು. ನಾಳೆ ಆಚೆಯವರಿಗೆ ಅದೇ ಕಂಬದಿಂದ ಸಂಪರ್ಕ ಕೊಡಬಹುದು. ತಂತಿಗೆ ತಾಗುವ ಮರ ಕಡಿಯಲು ಅವರೇ ಬರುತ್ತಾರೆ. ಕಂಬ ಬದಲಿಸಬೇಕೆಂದರೆ ಅರ್ಜಿ, ಅಂದಾಜು ಪಟ್ಟಿ, ದುಡ್ಡು, ಕಾಯುವುದು.

ಕಾನೂನಿನಲ್ಲಿ ನಮ್ಮ ಮಾತಿಗೆ ಬೆಲೆ ಉಂಟು. ವಿದ್ಯುತ್ ಕಾಯಿದೆ 2003ರದ್ದು, ಅದರ ಕೆಳಗೆ 2006ರಲ್ಲಿ ಬಂದ ನಿಯಮದ ಪ್ರಕಾರ ಖಾಸಗಿ ಜಾಗದಲ್ಲಿ ಲೈನ್ ಎಳೆಯುವ ಮೊದಲು ಜಾಗದವರ ಒಪ್ಪಿಗೆ ಬೇಕು. ಜಾಗದವರು ಆಕ್ಷೇಪಿಸಿದರೆ ಕಂಪೆನಿ ಜಿಲ್ಲಾಧಿಕಾರಿಗಳಿಂದ ಅನುಮತಿ ತರಬಹುದು, ಅವರು ಪರಿಹಾರವನ್ನೂ ನಿಗದಿ ಮಾಡಬಹುದು. ಅಂದರೆ ನಮ್ಮ "ಬೇಡ" ಕೊನೆಯ ಮಾತಲ್ಲ, ಆದರೆ ಕೇಳದೆ ಕಂಬ ನೆಡುವಂತೆಯೂ ಇಲ್ಲ. (ದೊಡ್ಡ ಟವರ್ ಲೈನುಗಳದ್ದು ಬೇರೆಯೇ ಕಥೆ, ಅದಕ್ಕೆ ಸರಕಾರ ವಿಶೇಷ ಅಧಿಕಾರ ಕೊಟ್ಟಿರುತ್ತದೆ. ಅದನ್ನು ಇಲ್ಲಿ ಎತ್ತುವುದಿಲ್ಲ.)

ನನಗೆ ಕಾನೂನಿಗಿಂತ ಹೆಚ್ಚು ತಲೆಬಿಸಿಯಾದದ್ದು ತೋಟದ ಕೆಲಸ. ರಸ್ತೆ ಬದಿಯಲ್ಲದ ಕಡೆ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ ಹದಿನೈದು ಅಡಿ ಎತ್ತರದಲ್ಲಿದ್ದರೆ ಸಾಕು ಎಂದು ನಿಯಮ. ಅಡಿಕೆ ಮರ ಎಷ್ಟು ಎತ್ತರ? ಹದಿನೈದು ಅಡಿಯಲ್ಲಿ ತಂತಿ ಎಂದರೆ ಮರಗಳ ಸೊಂಟದಲ್ಲಿ ತಂತಿ. ಗಾಳಿಗೆ ಮರ ಬಾಗುತ್ತದೆ, ಸೋಗೆ ಬೀಳುತ್ತದೆ. ಔಷಧಿ ಬಿಡುವವನು ಮರದಿಂದ ಮರಕ್ಕೆ ಎಟಕಿಸಿಕೊಂಡು ಹೋಗುತ್ತಾನೆ, ಮೈಯೆಲ್ಲ ಬೋರ್ಡೋ ದ್ರಾವಣದಲ್ಲಿ ಒದ್ದೆ. ಈಗ ಇನ್ನೊಂದು ಸೇರಿದೆ, ಕಾರ್ಬನ್ ಫೈಬರಿನ ದೋಟಿ. ಫೈಬರ್ ಎಂದ ಕೂಡಲೇ ಪ್ಲಾಸ್ಟಿಕ್ಕಿನ ಹಾಗೆ ಕರೆಂಟು ಹಿಡಿಯುವುದಿಲ್ಲ ಎಂದುಕೊಂಡವರಿದ್ದಾರೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ಏಣಿಯ ಹಾಗೆಯೇ ಅಪಾಯ. ಅರವತ್ತು ಅಡಿ ದೋಟಿ ಹಿಡಿದವನು ಮೇಲೆ ಗೊನೆ ನೋಡುತ್ತಾನೆಯೇ ಹೊರತು ನಡುವಿನ ತಂತಿಯನ್ನಲ್ಲ. ನಮ್ಮಲ್ಲಿ ಕೊಯ್ಲಿಗೆ ಬರುವವನಿಗೆ ಇಬ್ಬರು ಸಣ್ಣ ಮಕ್ಕಳಿದ್ದಾರೆ. ಯಾರ ನೀರಿಗಾಗಿಯೂ ನಾನು ಆ ತಂತಿಯನ್ನು ನನ್ನ ತೋಟದೊಳಗೆ ಬಿಡಲು ತಯಾರಿರಲಿಲ್ಲ.

ಹಾಗೆಯೇ ಹೇಳಿದೆ: "ಅಣ್ಣ, ಪೈಪು ಹಾಕುವ. ತಂತಿ ಮಾತ್ರ ಬೇಡ."

ಅವರಿಗೆ ಬೇಸರವಾಯಿತು. "ನೀರು ಬಿಟ್ಟು ಕರೆಂಟು ಬಿಡದಿದ್ರೆ ಪೈಪಿನಲ್ಲಿ ಗಾಳಿ ತರ್ಲಿಕ್ಕಾ?" ಎಂದು ಎದ್ದು ಹೋದರು. ಮೂರು ವಾರ ಮಾತಿಲ್ಲ. ಆದರೆ ಗದ್ದೆಯ ಆಚೆ ಪಂಚಾಯತ್ ರಸ್ತೆಯಲ್ಲಿ ಲೈನ್ ಹೋಗಿದೆ. ಅಲ್ಲಿಂದ ರಸ್ತೆ ಬದಿಯಲ್ಲಿ ಕಂಬ ಹಾಕಿ, ಕೊನೆಯ ಒಂದನ್ನು ಅವರದ್ದೇ ಗದ್ದೆಯ ಹುಣಿಯಲ್ಲಿ ನೆಟ್ಟರೆ ಆಗುತ್ತದೆ. ನಾನೇ ಹೋಗಿ ಕರೆದುಕೊಂಡು ಸೆಕ್ಷನ್ ಆಫೀಸಿಗೆ ಹೋದೆ. ಏಳು ಕಂಬ ಬೇಕಾಯಿತು, ನಾಲ್ಕು ತಿಂಗಳು ತಡವಾಯಿತು, ಖರ್ಚೂ ಹೆಚ್ಚು. ಅದನ್ನು ಅಣ್ಣ ಈಗಲೂ ಆಗಾಗ ಹೇಳುತ್ತಾರೆ. ಹೇಳಲಿ.

ಪೈಪು ಎಲ್ಲಿ, ಎಷ್ಟು ಆಳ?

ಅವರ ಬಾವಿಯಿಂದ ತೋಟದ ನಡುವೆ ನೇರ ಹೋದರೆ 140 ಮೀಟರ್, ಬೇಲಿ ಬದಿಯಲ್ಲಿ ಸುತ್ತಿ ಹೋದರೆ 210. ನಾನು ಬೇಲಿ ಬದಿಯೇ ಎಂದೆ. ಎಪ್ಪತ್ತು ಮೀಟರ್ ಪೈಪಿನ ಹೆಚ್ಚುವರಿ ಖರ್ಚು ಅವರಿಗೆ. ಆದರೆ ನೇರ ದಾರಿಯಲ್ಲಿ ನಾಲ್ಕು ಕಣಿ ದಾಟಬೇಕು, ಸಾಲು ಓರೆಯಾಗಿ ಕತ್ತರಿಸಬೇಕು, ಮುಂದೆ ನಾನು ಎಡೆಸಸಿ ನೆಡಲು ಹೊಂಡ ತೆಗೆದಾಗಲೆಲ್ಲ ಹಾರೆ ಎಲ್ಲಿ ತಾಗುತ್ತದೋ ಎಂದು ಹೆದರಬೇಕು. ಬೇಲಿ ಬದಿಯಲ್ಲಿ ಆ ರಗಳೆ ಇಲ್ಲ. ಅಡಿಕೆಯ ಹೆಚ್ಚಿನ ಬೇರು ಬುಡದಿಂದ ಎರಡು ಮೂರು ಅಡಿಯೊಳಗೇ ಇರುವ ಕಾರಣ, ಒಂಬತ್ತು ಅಡಿ ಅಂತರದ ತೋಟದಲ್ಲಿ ಸಾಲಿನ ನಟ್ಟನಡುವೆ ಅಗೆದರೆ ಹಾನಿ ಕಡಿಮೆ ಎಂಬುದು ನಿಜವೇ. ತೋಟದೊಳಗೇ ಹೋಗದೆ ಉಪಾಯವಿಲ್ಲದವರು ಹಾಗೆ ಮಾಡಬಹುದು.

ಆಳ ಎರಡು ಅಡಿ. ದಾಟಬೇಕಾದ ಒಂದು ಕಣಿಯಲ್ಲಿ ಮಾತ್ರ ಕಣಿಯ ತಳಕ್ಕಿಂತ ಒಂದು ಅಡಿ ಕೆಳಗೆ, ದೊಡ್ಡ ಪೈಪಿನ ತುಂಡಿನೊಳಗೆ ತೂರಿಸಿ. ಕಣಿಯ ಮೇಲೆ ಅಡ್ಡ ಬಿಟ್ಟರೆ ಮಳೆಗಾಲದಲ್ಲಿ ಕಸ ಕಟ್ಟಿ ತೋಟದಲ್ಲಿ ನೀರು ನಿಲ್ಲುತ್ತದೆ.

ಪೈಪಿನ ದಪ್ಪದ ಬಗ್ಗೆ ಜಾಗ ಕೊಡುವವರೂ ಮಾತಾಡಬೇಕು. ಹತ್ತು ಮೀಟರ್ ಎತ್ತರಕ್ಕೆ ಒಂದು ಕೆ.ಜಿ. ಒತ್ತಡ ಎಂಬುದು ಲೆಕ್ಕ. ಅಣ್ಣನ ಟ್ಯಾಂಕಿ ಬಾವಿಗಿಂತ 40 ಮೀಟರ್ ಮೇಲಿದೆ. ಅಂದರೆ ನೀರು ನಿಂತಾಗಲೇ ತಳದಲ್ಲಿ ನಾಲ್ಕು ಕೆ.ಜಿ. ಪಂಪ್ ಓಡುವಾಗ ಇನ್ನೂ ಹೆಚ್ಚು. ಕರೆಂಟು ಹೋದ ಕ್ಷಣ ಮೇಲಿನ ನೀರು ಹಿಂದೆ ಬಂದು ವಾಲ್ವಿಗೆ ಬಡಿಯುವ ಹೊಡೆತ ಬೇರೆ. ತಳಭಾಗ ಇರುವುದು ನನ್ನ ತೋಟದಲ್ಲಿ. ಒಡೆದರೆ ಮಣ್ಣು ಕೊಚ್ಚುವುದೂ ನನ್ನದೇ. ಅವರು ಆರು ಕೆ.ಜಿ.ಯ ಪೈಪು ತರುವುದರಲ್ಲಿದ್ದರು. ನನ್ನ ಜಾಗದ ಅಷ್ಟೂ ಉದ್ದಕ್ಕೆ ಹತ್ತು ಕೆ.ಜಿ.ಯದ್ದೇ ಎಂದು ಹಟ ಹಿಡಿದೆ, ಮೇಲೆ ಅವರ ಜಾಗದಲ್ಲಿ ಅವರಿಷ್ಟ.

ಕರಾರು ಪತ್ರದಲ್ಲಿ

ನಾವು ಮಾಡಿಕೊಂಡದ್ದು ಅನುಮತಿ, 15 ವರ್ಷಕ್ಕೆ. ಮುಂದೆ ಇಬ್ಬರೂ ಒಪ್ಪಿದರೆ ಹೊಸ ಪತ್ರ. ಅಣ್ಣ ಶಾಶ್ವತ ಹಕ್ಕು ಕೇಳಿದ್ದರು, ಅವರ ಮಾತಿನಲ್ಲೂ ನ್ಯಾಯ ಇಲ್ಲದಿಲ್ಲ. "ಹದಿನೈದು ವರ್ಷದ ಮತ್ತೆ ನನ್ನ ಮಗ ಏನು ಮಾಡುವುದು?" ಎಂದರು. ಆ ಹೊತ್ತಿಗೆ ನನ್ನ ಮಗ ಈ ತೋಟದಲ್ಲಿ ಏನು ಮಾಡಬೇಕೆಂದಿರುತ್ತಾನೋ ನನಗೂ ತಿಳಿಯದು. ಅವನ ಕೈ ಕಟ್ಟಿಹಾಕಲು ನನಗೆ ಮನಸ್ಸಾಗಲಿಲ್ಲ. ನೆರೆಯವರು ಸರಿಯಾದ ಬೆಲೆ ಕೊಟ್ಟು, ಅಳತೆ ಹಾಕಿದ ಒಂದು ಪಟ್ಟಿಗೆ ಮಾತ್ರ ಹಕ್ಕು ಕೇಳಿದರೆ, ನೋಂದಣಿ ಮಾಡಿ ಕೊಡುವುದು ಕೆಲವರಿಗೆ ಸರಿಹೋಗಬಹುದು. ಕುಡಿಯುವ ನೀರಿನ ಪೈಪಾಗಿದ್ದರೆ ನಾನೂ ಬೇರೆ ರೀತಿ ಯೋಚಿಸುತ್ತಿದ್ದೆನೋ ಏನೋ.

ನಾನು ಜಾಗ ಮಾರುವುದಾದರೆ ಆರು ತಿಂಗಳ ಮೊದಲು ಅವರಿಗೆ ತಿಳಿಸಬೇಕು ಎಂಬುದು ಅವರು ಸೇರಿಸಿದ ಶರ್ತ. ನಾನು ಸೇರಿಸಿದವು: ಪೈಪು ಒಂದೇ, ಎರಡೂವರೆ ಇಂಚಿಗಿಂತ ದೊಡ್ಡದಾಗಬಾರದು, ಬೇರೆಯವರಿಗೆ ಅದರಿಂದ ನೀರು ಕೊಡಬಾರದು. ರಿಪೇರಿಗೆ ಹಿಂದಿನ ದಿನ ತಿಳಿಸಿ ಬರಬೇಕು, ಪೈಪು ಒಡೆದರೆ ಕೂಡಲೇ ಬರಬಹುದು. ಅಗೆದ ನೆಲ ಮೊದಲಿನಂತೆ ಮಾಡಬೇಕು, ಸೋರಿಕೆಯಿಂದ ಮರ ಹೋದರೆ ಪರಿಹಾರ. ಇವುಗಳಲ್ಲಿ ಹೆಚ್ಚಿನದನ್ನು ಈಸ್‌ಮೆಂಟ್ ಇರುವವನಿಗೆ ಕಾಯಿದೆಯೇ ವಿಧಿಸಿದೆ. ದುರಸ್ತಿಗೆಂದು ಜಾಗದೊಳಗೆ ಬಂದು ಅಗೆಯಬಹುದು, ಆದರೆ ಮುಚ್ಚಿ ಸರಿಮಾಡಿ ಕೊಡಬೇಕು ಎಂಬುದಕ್ಕೆ ಪುಸ್ತಕದಲ್ಲಿ ಕೊಟ್ಟ ಉದಾಹರಣೆಯೇ ನೀರಿನ ಪೈಪಿನದ್ದು! ನಮ್ಮದು ಅನುಮತಿಯಾದ ಕಾರಣ ಎಲ್ಲವನ್ನೂ ಬಿಡಿಸಿ ಬರೆದೆವು.

ಬಾಡಿಗೆ ವರ್ಷಕ್ಕೆ ನೂರು ರೂಪಾಯಿ. ಅಣ್ಣನಿಗೆ ನಗು ಬಂತು. ನೂರು ರೂಪಾಯಿಗಾಗಿ ಅಲ್ಲ, ಪ್ರತಿ ದೀಪಾವಳಿಗೆ ಒಂದು ರಶೀದಿ ಆಗುತ್ತದೆ, ಇದು ಅನುಮತಿಯ ಪೈಪು ಎಂದು ವರ್ಷ ವರ್ಷವೂ ಇಬ್ಬರಿಗೂ ನೆನಪಾಗುತ್ತದೆ. ಬಾಡಿಗೆಯ ಬದಲು "ವಾರಕ್ಕೆರಡು ಗಂಟೆ ನನಗೂ ನೀರು" ಎಂದು ಕೆಲವರು ಮಾಡಿಕೊಳ್ಳುತ್ತಾರೆ. ನನಗದು ಹಿಡಿಸುವುದಿಲ್ಲ. ಏಪ್ರಿಲಿನಲ್ಲಿ ಬಾವಿ ಇಳಿದಾಗ ಆ ಎರಡು ಗಂಟೆಗೇ ಜಗಳ ಹುಟ್ಟುವುದು.

ಪತ್ರ ಇ-ಸ್ಟಾಂಪ್ ಕಾಗದದಲ್ಲಿ, ಇಬ್ಬರ ಮನೆಯವರ ಸಹಿ, ಎರಡು ಸಾಕ್ಷಿ. ಜೊತೆಗೆ ಸರ್ವೆ ನಕ್ಷೆಯ ನಕಲಿನ ಮೇಲೆ ಪೈಪಿನ ದಾರಿಯನ್ನು ಕೆಂಪು ಗೆರೆಯಲ್ಲಿ ಎಳೆದು, ಪ್ರತಿ ತಿರುವು ಯಾವ ಗಡಿಕಲ್ಲಿನಿಂದ ಎಷ್ಟು ಮೀಟರ್ ಎಂದು ಬರೆದಿದ್ದೇವೆ. ಪತ್ರಕ್ಕಿಂತ ಇದೇ ಹೆಚ್ಚು ಉಪಯೋಗಕ್ಕೆ ಬೀಳುವುದು ಎಂದು ನನ್ನ ಅಂದಾಜು.

ಕೆಲಸ ಜನವರಿಯಲ್ಲಿ ಮಾಡಿಸಿದೆವು. ಮೇ ತಿಂಗಳಲ್ಲಿ ಅಗೆದರೆ ಸಡಿಲ ಮಣ್ಣು ಮೊದಲ ಮಳೆಗೇ ಹೋಗಿ ಪೈಪಿನ ದಾರಿಯೇ ತೋಡಾಗುತ್ತದೆ. ಮುಚ್ಚುವ ಮೊದಲು ಒಂದು ದಿನ ಪೂರ್ತಿ ಪಂಪ್ ಓಡಿಸಿ ಪ್ರತಿ ಜಾಯಿಂಟನ್ನೂ ನೋಡಿದೆವು. ಎರಡು ಕಡೆ ಜಿನುಗುತ್ತಿತ್ತು, ಸರಿಮಾಡಿಸಿದರು. ತೆರೆದ ಚರಂಡಿಯ ಮೇಲೆ ಅಳತೆ ಟೇಪು ಹಿಡಿದು, ಗಡಿಕಲ್ಲು ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆದು ಇಬ್ಬರ ಮನೆಯಲ್ಲೂ ಇಟ್ಟುಕೊಂಡಿದ್ದೇವೆ. ಮುಚ್ಚುವಾಗ ಮಣ್ಣನ್ನು ನೆಲಕ್ಕಿಂತ ಅರ್ಧ ಅಡಿ ಏರಿಸಿಯೇ ಬಿಡಬೇಕು, ಒಂದು ಮಳೆಗಾಲದಲ್ಲಿ ಅಷ್ಟು ಕೂತೇ ಕೂರುತ್ತದೆ.